ಮೆಕ್ಕೆಜೋಳ ಬೇಕೋ, ಮಗ ಬೇಕೋ? – ಶಾಲೆಯ ಪ್ರಾಜೆಕ್ಟು ಮನೆಗೆ ಬಂದ ಕಥೆ



ಚಳಿಗಾಲದ ರಜೆ ಮುಗಿದು ಶಾಲೆ ಶುರುವಾಯಿತೆಂದರೆ ಅಮೆರಿಕದ ಅಂಗಡಿಗಳಲ್ಲಿ ಮೂರು ಮಡಿಕೆಯ ಬಿಳಿ ರಟ್ಟಿನ ಬೋರ್ಡುಗಳು ಸಾಲಾಗಿ ನಿಂತುಬಿಡುತ್ತವೆ. ಅದು ಸೈನ್ಸ್ ಫೇರ್ ಕಾಲ. ನಮ್ಮ ಮನೆಗಳಲ್ಲಿ ಅದಕ್ಕೆ 'ಮಗುವಿನ ಪ್ರಾಜೆಕ್ಟು' ಎಂದು ಹೆಸರು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಅಂಟು, ಕತ್ತರಿ ಹಿಡಿದು ಕೂತಿರುವವರು ಅಪ್ಪ ಅಮ್ಮ. ಮಗು ಆಗಲೇ ನಿದ್ದೆ ಹೋಗಿರುತ್ತದೆ. ವಾರಾಂತ್ಯದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರು ನನ್ನ ಹತ್ತಿರ ಎರಡು ಪ್ರಶ್ನೆ ಕೇಳುತ್ತಿರುತ್ತಾರೆ. ಒಂದು, "ಕಲಿಸೋದು ಟೀಚರ್ ಕೆಲಸ ಅಲ್ವಾ, ನಮ್ಮನ್ನ ಯಾಕೆ ಇದಕ್ಕೆಲ್ಲ ಎಳೀತಾರೆ?" ಇನ್ನೊಂದು, "ಮಾಡಲೇಬೇಕು ಅಂದರೆ, ಎಷ್ಟು ಮಾಡಬೇಕು?"

ಈ ಎರಡೂ ಪ್ರಶ್ನೆಗಳು ಹೊಸವಲ್ಲ. ನೂರು ವರ್ಷಕ್ಕೂ ಹಿಂದೆ ಈ ದೇಶದ ರೈತರು, ತಾಯಂದಿರು, ಮೇಷ್ಟ್ರುಗಳು ಇವನ್ನೇ ಕೇಳಿಕೊಂಡಿದ್ದರು. ಇವತ್ತಿನ ಮಾತು ಅದರ ಇತಿಹಾಸದ ಬಗ್ಗೆ.

ಮೊದಲು ಷಿಕಾಗೊ ನಗರಕ್ಕೆ ಹೋಗೋಣ. 1896ರ ಜನವರಿಯಲ್ಲಿ ಜಾನ್ ಡ್ಯೂಯಿ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಅಲ್ಲಿನ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಒಂದು ಪುಟ್ಟ ಶಾಲೆ ತೆರೆದರು. ಶುರುವಿನಲ್ಲಿ ಹದಿನಾರು ಮಕ್ಕಳು, ಇಬ್ಬರು ಶಿಕ್ಷಕರು. ಅಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಎನ್ನದೆ ಎಲ್ಲರೂ ಅಡುಗೆ ಮಾಡುತ್ತಿದ್ದರು, ಹೊಲಿಯುತ್ತಿದ್ದರು, ಮರಗೆಲಸ ಕಲಿಯುತ್ತಿದ್ದರು. ಮೂರು ವರ್ಷದ ಮೇಲೆ, 1899ರ ಏಪ್ರಿಲ್‌ನಲ್ಲಿ ಡ್ಯೂಯಿ ಆ ಮಕ್ಕಳ ತಂದೆತಾಯಿಯರನ್ನೂ ಆಸಕ್ತರನ್ನೂ ಕೂರಿಸಿಕೊಂಡು ಮೂರು ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳೇ 'ದಿ ಸ್ಕೂಲ್ ಅಂಡ್ ಸೊಸೈಟಿ' ಎಂಬ ಪುಸ್ತಕವಾದವು. ಶಿಕ್ಷಣಶಾಸ್ತ್ರ ಓದುವವರೆಲ್ಲ ಇಂದಿಗೂ ಓದುವ ಆ ಪುಸ್ತಕ ಹುಟ್ಟಿದ್ದು ಪೋಷಕರ ಎದುರು ಆಡಿದ ಮಾತುಗಳಿಂದ ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಮಕ್ಕಳ ಕೈಗೆ ಹತ್ತಿಯ ಕಾಯಿ, ಕುರಿಯ ಉಣ್ಣೆ ಎರಡನ್ನೂ ಕೊಟ್ಟರು. ಉಣ್ಣೆಗಿಂತ ಹತ್ತಿಯ ಬಳಕೆ ಏಕೆ ಹಿಂದೆ ಬಿತ್ತು ಎಂಬುದು ಪ್ರಶ್ನೆ. ಒಂದು ಗುಂಪಿನ ಮಕ್ಕಳು ಅರ್ಧ ಗಂಟೆ ಕೂತು ಬೀಜದಿಂದ ಹತ್ತಿ ಬಿಡಿಸಿದರು. ಸಿಕ್ಕಿದ್ದು ಒಂದು ಔನ್ಸಿಗಿಂತ ಕಡಿಮೆ! ಇಡೀ ದಿನ ಕೂತರೂ ಒಬ್ಬರಿಂದ ಬಿಡಿಸಲಾಗುವ ಹತ್ತಿ ಎಷ್ಟು ಕಡಿಮೆ ಎಂಬುದು ಅವರಿಗೆ ಮನವರಿಕೆಯಾಯಿತು. ಪುಸ್ತಕದ ಒಂದು ಸಾಲನ್ನೂ ಓದದೆ ಹತ್ತಿ ಬಿಡಿಸುವ ಯಂತ್ರದ ಮಹತ್ವ ಅವರಿಗೆ ಅರ್ಥವಾಯಿತು. ನಮ್ಮ ಧಾರವಾಡದ ಕಡೆಯ ಕೇಳುಗರಿಗೆ ಇದು ಪರಿಚಿತ ವಿಷಯ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಬೀಜ ತರಿಸಿ ಬೆಳೆಸಿದ ಹತ್ತಿ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. ಆ ಹತ್ತಿ ಬಿಡಿಸಲು ಅಲ್ಲಿಗೂ ಯಂತ್ರಗಳು ಬರಬೇಕಾಯಿತು.

ಡ್ಯೂಯಿ ಶಾಲೆಯೊಳಗೆ ಮನೆಗೆಲಸ ತಂದರು. ಶಾಲೆಯ ಕೆಲಸವನ್ನು ಮನೆಗೆ ಕಳಿಸಿದವರು ಬೇರೆಯವರು, ಮತ್ತು ಅದು ನಡೆದದ್ದು ಹಳ್ಳಿಗಾಡಿನಲ್ಲಿ. 1902ರಲ್ಲಿ ಒಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಮಕ್ಕಳ ಒಂದು ಕೂಟ ಕಟ್ಟಿದರು. ಮಕ್ಕಳು ತಮ್ಮ ಮನೆಯ ಹೊಲದಲ್ಲೇ ಮೆಕ್ಕೆಜೋಳ, ತರಕಾರಿ ಬೆಳೆದು ನೋಡಬೇಕು, ಮಣ್ಣಿನ ಗುಣ ಪರೀಕ್ಷಿಸಬೇಕು. 1910ರಲ್ಲಿ ದಕ್ಷಿಣ ಕ್ಯಾರೊಲಿನಾದ ಶಿಕ್ಷಕಿ ಮೇರಿ ಕ್ರೋಮರ್, ಗಂಡುಹುಡುಗರಿಗೆ ಜೋಳದ ಕೂಟ ಇದೆಯಲ್ಲ, ಹುಡುಗಿಯರಿಗೆ ಏನಿದೆ ಎಂದು ಯೋಚಿಸಿ ಟೊಮ್ಯಾಟೊ ಕೂಟ ಶುರುಮಾಡಿದರು. ಒಬ್ಬೊಬ್ಬ ಹುಡುಗಿಗೆ ಎಕರೆಯ ಹತ್ತನೇ ಒಂದು ಭಾಗ ನೆಲ. ಬೆಳೆಯುವುದು, ಡಬ್ಬಿಗೆ ತುಂಬುವುದು, ಮಾರುವುದು, ಲೆಕ್ಕ ಬರೆಯುವುದು ಎಲ್ಲ ಅವಳದೇ. ಈ ಕೂಟಗಳೇ ಮುಂದೆ ಒಂದಾಗಿ, ಇವತ್ತು ನಾವು ಕೌಂಟಿ ಫೇರ್‌ಗಳಲ್ಲಿ ನೋಡುವ 'ಫೋರ್ ಎಚ್' ಸಂಸ್ಥೆಯಾಗಿ ಬೆಳೆದವು.

ಇದೇ ಹೊತ್ತಿಗೆ, 1908ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತ್ಯಾಂಪ್ಟನ್ ಊರಿನ ಸ್ಮಿತ್ ಕೃಷಿ ಶಾಲೆಗೆ ರೂಫಸ್ ಸ್ಟಿಮ್ಸನ್ ಎಂಬವರು ಮುಖ್ಯಸ್ಥರಾಗಿ ಬಂದರು. ಶಾಲೆಯ ತೋಟದಲ್ಲಿ ಕೆಲಸ ಮಾಡಿಸಿದರೆ ಸೋಲುಗೆಲುವು ಶಾಲೆಯದಾಗುತ್ತದೆ. ಹುಡುಗ ಅಪ್ಪನ ಹೊಲದಲ್ಲಿ ತನ್ನದೇ ಒಂದು ಕೆಲಸ ಹಿಡಿದರೆ ಹೊಣೆ ಅವನದಾಗುತ್ತದೆ ಎಂಬುದು ಅವರ ಯೋಚನೆ. ಅದಕ್ಕೆ ಅವರು ಇಟ್ಟ ಹೆಸರು 'ಹೋಮ್ ಪ್ರಾಜೆಕ್ಟ್'. ಹುಡುಗ, ಅವನ ತಂದೆ, ಮೇಷ್ಟ್ರು ಮೂವರೂ ಕೂತು ಒಪ್ಪಂದ ಮಾಡಿಕೊಳ್ಳಬೇಕು. ತಂದೆ ನೆಲ ಮತ್ತು ಸಮಯ ಬಿಟ್ಟುಕೊಡಬೇಕು. ಮೇಷ್ಟ್ರು ಹೊಲಕ್ಕೆ ಬಂದು ನೋಡಬೇಕು. ಹುಡುಗ ಕೆಲಸ ಮಾಡಿ ಲೆಕ್ಕ ಇಡಬೇಕು. ಈ ಪದ್ಧತಿ ಎಷ್ಟು ಹಿಡಿಸಿತೆಂದರೆ, 1917ರಲ್ಲಿ ಅಮೆರಿಕದ ಕಾಂಗ್ರೆಸ್ ಸ್ಮಿತ್–ಹ್ಯೂಸ್ ಕಾಯಿದೆ ಮಾಡಿದಾಗ, ಕೇಂದ್ರದ ಹಣ ಪಡೆಯುವ ಕೃಷಿ ತರಗತಿಯ ವಿದ್ಯಾರ್ಥಿಗೆ ವರ್ಷಕ್ಕೆ ಕನಿಷ್ಠ ಆರು ತಿಂಗಳು ಇಂಥ ಪ್ರಾಯೋಗಿಕ ಕೆಲಸ ಇರಬೇಕೆಂದು ಬರೆದರು.

ಗಮನಿಸಿ, ಪ್ರಾಜೆಕ್ಟು ಅನ್ನುವ ಪದ ಅಮೆರಿಕದ ಹಳ್ಳಿಯ ಮನೆಗಳಿಗೆ ಬಂದಾಗ ಅದರ ಜೊತೆಗೆ ಒಂದು ಕರಾರೂ ಬಂತು. ಮನೆಯವರ ಪಾಲು ಏನು, ಮಗುವಿನ ಪಾಲು ಏನು ಎಂದು ಮೊದಲೇ ಹಂಚಿಟ್ಟ ಕರಾರು. ಮುಂದೆ ಪ್ರಾಜೆಕ್ಟು ಉಳಿಯಿತು, ಕರಾರು ಮರೆತುಹೋಯಿತು.

ಈ ಪದಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ವಿಲಿಯಂ ಕಿಲ್‌ಪ್ಯಾಟ್ರಿಕ್. ಡ್ಯೂಯಿಯವರ ಶಿಷ್ಯ. 1918ರ ಸೆಪ್ಟೆಂಬರ್‌ನಲ್ಲಿ ಅವರು 'ದಿ ಪ್ರಾಜೆಕ್ಟ್ ಮೆಥಡ್' ಎಂಬ ಪ್ರಬಂಧ ಪ್ರಕಟಿಸಿದರು. ಹುಡುಗಿಯೊಬ್ಬಳು ತನ್ನ ಉಡುಪು ತಾನೇ ಹೊಲಿಯುವುದನ್ನು ಅವರು ಉದಾಹರಣೆ ಕೊಡುತ್ತಾರೆ. ಅವಳೇ ಬಯಸಿ, ಅವಳೇ ಯೋಜಿಸಿ, ಅವಳೇ ಹೊಲಿದರೆ ಅದು ಪ್ರಾಜೆಕ್ಟು. ಅದೇ ಉಡುಪನ್ನು ಯಾರದೋ ಒತ್ತಾಯಕ್ಕೆ ಹೊಲಿದರೆ ಅದು ಬರೀ ದುಡಿಮೆ. ಅವರು ಮುಂದೆ ಬರೆದ ಒಂದು ಪುಸ್ತಕದಲ್ಲಿ ಇನ್ನೊಂದು ಸೊಗಸಾದ ಮಾತು ಬರುತ್ತದೆ. ಮೆಕ್ಕೆಜೋಳ ಹಾಕುವ ಹುಡುಗನಿಗೆ ಮೇಷ್ಟ್ರೇ ಯೋಜನೆ ಮಾಡಿಕೊಟ್ಟರೆ ನೆಲ, ಗೊಬ್ಬರ ಹಾಳಾಗುವುದು ತಪ್ಪುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ನಿಮಗೆ ಬೇಕಾದ್ದು ಜೋಳವೋ ಹುಡುಗನೋ ಎಂಬುದನ್ನು ಮೊದಲು ಹೇಳಿ ಎನ್ನುವ ಅರ್ಥದ ಉತ್ತರ ಸಿಗುತ್ತದೆ. ಜೋಳ ಬೇಕಿದ್ದರೆ ಯೋಜನೆ ನೀವೇ ಕೊಡಿ. ಯೋಚಿಸಬಲ್ಲ ಹುಡುಗ ಬೇಕಿದ್ದರೆ ಯೋಜನೆ ಅವನಿಗೇ ಬಿಡಿ. ನಮ್ಮ ತಾಯಂದಿರ ಎರಡನೇ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನಾನು ಬೇರೆಲ್ಲೂ ಓದಿಲ್ಲ.

ಇನ್ನು ಮೊದಲನೇ ಪ್ರಶ್ನೆ. ನಮ್ಮನ್ನು ಯಾಕೆ ಎಳೆಯುತ್ತಾರೆ? ನಿಜ ಹೇಳಬೇಕೆಂದರೆ ಇಲ್ಲಿ ಯಾರೂ ತಾಯಂದಿರನ್ನು ಎಳೆಯಲಿಲ್ಲ, ತಾಯಂದಿರೇ ಬಾಗಿಲು ತಟ್ಟಿದರು. ಈ ದೇಶದ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಬಂದದ್ದು 1920ರಲ್ಲಿ. ಆದರೆ ಎಷ್ಟೋ ರಾಜ್ಯಗಳಲ್ಲಿ ಅದಕ್ಕೂ ಮೊದಲೇ ಶಾಲಾ ಸಮಿತಿಗೆ ಮತ ಹಾಕುವ ಹಕ್ಕು ಮಾತ್ರ ಸಿಕ್ಕಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 1879ರಲ್ಲಿ ಆ ಹಕ್ಕು ಬಂದಾಗ ಕಾಂಕರ್ಡ್ ಊರಿನಲ್ಲಿ ಮೊದಲು ಹೆಸರು ಬರೆಸಿದ ಹೆಂಗಸು 'ಲಿಟ್ಲ್ ವಿಮೆನ್' ಬರೆದ ಲೂಯಿಸಾ ಮೇ ಆಲ್ಕಾಟ್. ಸಾರ್ವಜನಿಕ ಬದುಕಿಗೆ ಹೆಂಗಸರು ಕಾಲಿಟ್ಟ ಮೊದಲ ಹೊಸಿಲುಗಳಲ್ಲಿ ಶಾಲೆಯೂ ಒಂದು.

1897ರ ಫೆಬ್ರವರಿ 17ರಂದು ವಾಷಿಂಗ್ಟನ್ ನಗರದಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಇಬ್ಬರು ಹೆಂಗಸರು ರಾಷ್ಟ್ರೀಯ ತಾಯಂದಿರ ಮಹಾಸಭೆ ಕರೆದರು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದರು, ಎರಡು ಸಾವಿರಕ್ಕೂ ಮಿಕ್ಕಿ ಬಂದರು. ಆ ಸಭೆಯೇ ಹೆಸರು ಬದಲಿಸುತ್ತಾ 1908ರಲ್ಲಿ ಶಿಕ್ಷಕರನ್ನೂ, 1924ರಲ್ಲಿ ಹೆಸರಿನಲ್ಲೇ ತಂದೆಯರನ್ನೂ ಸೇರಿಸಿಕೊಂಡು ಇವತ್ತಿನ ಪಿ.ಟಿ.ಎ. ಆಯಿತು. ಬಾಲಾಪರಾಧಿಗಳಿಗೆ ಬೇರೆ ನ್ಯಾಯಾಲಯ, ಶಿಶುವಿಹಾರ, ಶಾಲೆಯಲ್ಲಿ ಬಿಸಿಯೂಟ ಇವೆಲ್ಲಕ್ಕೂ ಅವರು ದನಿ ಎತ್ತಿದರು. 1954ರಲ್ಲಿ ಸಾಲ್ಕ್ ಅವರ ಪೋಲಿಯೊ ಲಸಿಕೆಯನ್ನು ದೇಶದ ಶಾಲೆಗಳಲ್ಲಿ ಪರೀಕ್ಷಿಸಿದಾಗ 18 ಲಕ್ಷದಷ್ಟು ಮಕ್ಕಳು ಅದರಲ್ಲಿ ಪಾಲ್ಗೊಂಡರು. ಶಾಲೆಯಲ್ಲಿ ಸಾಲು ನಿಲ್ಲಿಸಿ, ಪಟ್ಟಿ ಬರೆದು, ಅಳುವ ಮಕ್ಕಳನ್ನು ಸಮಾಧಾನ ಮಾಡಿದವರಲ್ಲಿ ಸಂಬಳವಿಲ್ಲದ ತಾಯಂದಿರು ದೊಡ್ಡ ಸಂಖ್ಯೆಯಲ್ಲಿದ್ದರು.

ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಕಾನೂನಿನ ಪ್ರಕಾರವೇ ಬೇರೆ ಶಾಲೆ. ಜಾರ್ಜಿಯಾದ ಅಟ್ಲಾಂಟಾದಲ್ಲಿ ಸೆಲೀನಾ ಸ್ಲೋನ್ ಬಟ್ಲರ್ ಎಂಬ ವಿದ್ಯಾವಂತೆ ತನ್ನ ಮಗನಿಗೆ ಶಿಶುವಿಹಾರ ಹುಡುಕಿದರು, ಸಿಗಲಿಲ್ಲ. ತನ್ನ ಮನೆಯಲ್ಲೇ ನೆರೆಹೊರೆಯ ಮಕ್ಕಳನ್ನು ಸೇರಿಸಿ ತರಗತಿ ಶುರುಮಾಡಿದರು. ಮಗ ಯಾಂಗ್ ಸ್ಟ್ರೀಟ್ ಶಾಲೆಗೆ ಸೇರಿದ ಮೇಲೆ, 1911ರಲ್ಲಿ ಅಲ್ಲಿ ಕಪ್ಪು ಪೋಷಕರ ಮೊದಲ ಶಿಕ್ಷಕ–ಪೋಷಕ ಸಂಘ ಕಟ್ಟಿದರು. 1926ರಲ್ಲಿ ಅದು ರಾಷ್ಟ್ರಮಟ್ಟದ ಸಂಸ್ಥೆಯಾಯಿತು. ಸುಪ್ರೀಂ ಕೋರ್ಟು 1954ರಲ್ಲೇ ಶಾಲೆಗಳಲ್ಲಿ ಬೇರ್ಪಡಿಕೆ ಸಲ್ಲದೆಂದು ತೀರ್ಪು ಕೊಟ್ಟರೂ ಎರಡು ಸಂಸ್ಥೆಗಳು ಒಂದಾದದ್ದು 1970ರ ಜೂನ್ 22ರಂದು. ಬಟ್ಲರ್ ಅದನ್ನು ನೋಡಲಿಲ್ಲ, 1964ರಲ್ಲೇ ತೀರಿಕೊಂಡಿದ್ದರು. ಈಗ ಪಿ.ಟಿ.ಎ. ತನ್ನ ಸ್ಥಾಪಕರು ಎಂದು ಮೂವರ ಹೆಸರು ಹೇಳುತ್ತದೆ: ಬರ್ನಿ, ಹರ್ಸ್ಟ್, ಬಟ್ಲರ್. ಇವರಲ್ಲಿ ಬರ್ನಿ ಮತ್ತು ಬಟ್ಲರ್ ಇಬ್ಬರೂ ಹುಟ್ಟಿದ್ದು ಒಂದೇ ಜಾರ್ಜಿಯಾ ರಾಜ್ಯದಲ್ಲಿ. ಆದರೂ ಒಂದೇ ಸಭೆಯಲ್ಲಿ ಕೂರುವ ಯೋಗ ಅವರಿಗೆ ಇರಲಿಲ್ಲ.

ಈಗ ಬೋರ್ಡಿನ ಕಥೆಗೆ ಬರೋಣ. 1928ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಮಕ್ಕಳ ಮೇಳವೊಂದನ್ನು ನಡೆಸಿತು. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ರಾಷ್ಟ್ರೀಯ ಸೈನ್ಸ್ ಫೇರ್ ನಡೆದಾಗ ಅಂತಿಮ ಸುತ್ತಿನಲ್ಲಿದ್ದವರು 30 ಮಕ್ಕಳು. 1957ರ ಅಕ್ಟೋಬರ್‌ನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಮರುವರ್ಷವೇ ಅಮೆರಿಕ ವಿಜ್ಞಾನ, ಗಣಿತದ ಶಿಕ್ಷಣಕ್ಕೆ ಹಣ ಸುರಿಯುವ ಕಾನೂನು ತಂದಿತು. ಹೊಲದ ಮೆಕ್ಕೆಜೋಳದಿಂದ ಶುರುವಾದ ಪ್ರಾಜೆಕ್ಟು ದೇಶದೇಶಗಳ ಪೈಪೋಟಿಯ ಕಾಲಕ್ಕೆ ಬಂದು ನಿಂತಿತು. ಮೇಳ ಅಂದಮೇಲೆ ಬಹುಮಾನ, ಬಹುಮಾನ ಅಂದಮೇಲೆ ಅಪ್ಪಂದಿರ ಕೈಚಳಕ. ಜೋಳ ಗೆದ್ದಿತು, ಹುಡುಗ ಹಿಂದೆ ಬಿದ್ದ.

1965ರ ವಲಸೆ ಕಾನೂನಿನ ನಂತರ ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಈ ದೇಶಕ್ಕೆ ಬಂದದ್ದು ಇಂಥ ಶಾಲೆಗಳಿಗೆ. ಊರಿನಲ್ಲಿ ನಾವು ಕಂಡಿದ್ದ ಪದ್ಧತಿಯೇ ಬೇರೆ. ಮೇಷ್ಟ್ರಿಗೆ ಮಗುವನ್ನು ಒಪ್ಪಿಸಿ "ನಾಲ್ಕು ಬಾರಿಸಿಯಾದರೂ ಬುದ್ಧಿ ಕಲಿಸಿ" ಎಂದು ಕೈಮುಗಿದು ಬರುವುದು. ಆದರೆ ಊರು ಈಗ ಅಲ್ಲೇ ನಿಂತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಚಟುವಟಿಕೆಯಿಂದ ಕಲಿತರು. 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ ಪೋಷಕರನ್ನು ಶಾಲೆಯ ಆಡಳಿತಕ್ಕೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೂ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಹೇಳಿತು. ಊರಿನಲ್ಲಿರುವ ನಮ್ಮ ಅಕ್ಕತಂಗಿಯರು ಸಭೆಯಲ್ಲಿ ಕೂತು ಮಾತಾಡುತ್ತಿರುವಾಗ ನಾವು ಇಲ್ಲಿ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುವುದಕ್ಕೆ ಕಾರಣವಿಲ್ಲ.

"ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ" ಎಂದು ಹಿಂಜರಿಯುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಒಂದು ಸಂಗತಿ ಹೇಳುತ್ತೇನೆ. ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇಂಗ್ಲಿಷ್ ಬಾರದ 1,800ರಷ್ಟು ಚೀನೀ ಮಕ್ಕಳಿಗೆ ಪ್ರತ್ಯೇಕ ಭಾಷಾ ನೆರವು ಸಿಗುತ್ತಿರಲಿಲ್ಲ. ಅವರ ಕುಟುಂಬಗಳು ಕೋರ್ಟಿಗೆ ಹೋದವು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟು 'ಲೌ ವಿರುದ್ಧ ನಿಕೋಲ್ಸ್' ಪ್ರಕರಣದಲ್ಲಿ ಅವರ ಪರ ತೀರ್ಪಿತ್ತಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಜು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂಬುದು ಅದರ ಸಾರ. ಇಂದು ನಮ್ಮ ಮಕ್ಕಳಿಗೆ ಸಿಗುವ ಭಾಷಾ ನೆರವಿನ ಹಿಂದೆ, ಇಂಗ್ಲಿಷ್ ಸರಿಯಾಗಿ ಬಾರದ ಆ ತಂದೆತಾಯಿಯರ ಧೈರ್ಯ ಇದೆ.

ಹಾಗಾಗಿ ಈ ಸಲ ಪ್ರಾಜೆಕ್ಟಿನ ಚೀಟಿ ಮನೆಗೆ ಬಂದಾಗ ಸ್ಟಿಮ್ಸನ್ ಮೇಷ್ಟ್ರ ಕರಾರನ್ನು ಒಮ್ಮೆ ನೆನೆಸಿಕೊಳ್ಳಿ. ಒಂದು ಹಾಳೆ ತೆಗೆದು ಮಗುವಿನ ಜೊತೆ ಕೂತು ಬರೆಯಿರಿ. ಸಾಮಾನು ತರುವುದು, ಜಾಗ ಕೊಡುವುದು, ಬಿಸಿ ಒಲೆಯ ಹತ್ತಿರ ನಿಲ್ಲುವುದು, ಪ್ರಶ್ನೆ ಕೇಳುವುದು ನಮ್ಮ ಪಾಲು. ಯೋಜಿಸುವುದು, ಮಾಡುವುದು, ಬರೆಯುವುದು, ತಪ್ಪಿದರೆ ಮತ್ತೆ ಮಾಡುವುದು ಮಗುವಿನ ಪಾಲು. ಅಕ್ಷರ ಸೊಟ್ಟಗಿದ್ದರೆ ಇರಲಿ. ಆಗ ಅಂಟು ಹಚ್ಚುವ ಕೆಲಸದಿಂದ ಉಳಿದ ಸಮಯವನ್ನು ಶಾಲೆಯ ಸಭೆಗೆ ಕೊಡಬಹುದು. ಫೆಬ್ರವರಿ 17 ಈಗಲೂ ಪಿ.ಟಿ.ಎ. ಸ್ಥಾಪಕರ ದಿನ. ಆ ವಾರ ನಿಮ್ಮ ಶಾಲೆಯಲ್ಲಿ ಸಭೆ ಇದ್ದರೆ ಹೋಗಿ, ಸಾಧ್ಯವಾದರೆ ಹೊಸದಾಗಿ ಬಂದ ಇನ್ನೊಬ್ಬ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.