ಮೋಟಾರಿನ ಜ್ವರ

ಮೋಟಾರು ಸುಟ್ಟುಹೋಯಿತು ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಮಳೆ ಬರಲಿಲ್ಲ ಎನ್ನುವಷ್ಟೇ ಸಹಜವಾಗಿ ಆಡುತ್ತಾರೆ. ಸುಡುವುದನ್ನು ಮಾತ್ರ ಯಾರೂ ಕಂಡಿರುವುದಿಲ್ಲ. ಬೆಂಕಿಯಿಲ್ಲ, ಜ್ವಾಲೆಯಿಲ್ಲ. ಒಳಗಿನ ತಾಮ್ರದ ಸುರುಳಿಗಳ ಹೊದಿಕೆ ಕಾವಿಗೆ ಹದಗೆಟ್ಟು, ತಂತಿಗೆ ತಂತಿ ತಾಗಿ, ಸದ್ದಿಲ್ಲದೆ ಎಲ್ಲವೂ ಮುಗಿದಿರುತ್ತದೆ. ಜ್ವರ ಏರಿ ಬಂದ ಸಾವು ಅದು. ಆ ಜ್ವರವನ್ನು ಹೊರಗಿನಿಂದಲೇ ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯುಂಟು. ಕನ್ನಡ ಪಾಠ ಹೇಳುವವನಿಗೆ ಅದರಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಯಂತ್ರಗಳ ಚರಿತ್ರೆಯೆಂದರೆ ಅವನ್ನು ನಿರ್ಮಿಸಿದವರ ಚರಿತ್ರೆ ಎಂದೇ ನಮ್ಮ ಪಠ್ಯಪುಸ್ತಕಗಳು ತಿಳಿದಿವೆ. ಅವನ್ನು ಕಾಯುವ ಕೆಲಸದ ಚರಿತ್ರೆ ಯಾರಿಗೂ ಬೇಡವಾಗಿದೆ. ನನಗೆ ಸ್ವಾರಸ್ಯ ಕಾಣುವುದು ಅಲ್ಲಿಯೇ.

ಮೂರು ಫೇಸಿನ ಮೋಟಾರನ್ನು ಬಳಕೆಗೆ ಒದಗುವ ರೂಪದಲ್ಲಿ ೧೮೮೯ರಲ್ಲಿ ರಚಿಸಿದವನು ಜರ್ಮನಿಯ ಎ.ಇ.ಜಿ. ಕಂಪನಿಯಲ್ಲಿದ್ದ ದೊಲಿವೊ-ದೊಬ್ರೊವೊಲ್ಸ್ಕಿ. ಎರಡು ವರ್ಷಗಳ ಮೇಲೆ, ೧೮೯೧ರಲ್ಲಿ, ಲೌಫೆನ್ನಿನಲ್ಲಿ ನೆಕ್ಕರ್ ನದಿಯಿಂದ ಹುಟ್ಟಿಸಿದ ವಿದ್ಯುತ್ತನ್ನು ೧೭೫ ಕಿಲೋಮೀಟರು ದೂರದ ಫ್ರಾಂಕ್‌ಫರ್ಟಿನ ವಸ್ತುಪ್ರದರ್ಶನಕ್ಕೆ ಒಯ್ದರು. ಅಲ್ಲಿ ಅದು ದೀಪಗಳನ್ನು ಬೆಳಗಿಸಿತು. ಮೋಟಾರೊಂದರಿಂದ ಪಂಪು ತಿರುಗಿಸಿ ಕೃತಕ ಜಲಪಾತವೊಂದನ್ನು ಧುಮುಕಿಸಿತು. ಮೂರು ಫೇಸಿನ ಮೋಟಾರು ಲೋಕದ ಕಣ್ಣಿಗೆ ಬಿದ್ದದ್ದೇ ನೀರೆತ್ತುವ ಕೆಲಸದಲ್ಲಿ ಎಂಬುದನ್ನು ನಮ್ಮ ರೈತರು ಕೇಳಿದರೆ ಸಂತೋಷಪಟ್ಟಾರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಣಿಗಳಿಗೆ ಇಂಜಿನಿಯರುಗಳಿದ್ದರು. ತೋಟದ ಪಂಪುಮನೆಗೆ ಯಾರಿದ್ದಾರೆ?

ಮೊದಲು ಬಂದ ಕಾವಲುಗಾರ ಫ್ಯೂಸು. ಕರೆಂಟು ಮಿತಿಮೀರಿದರೆ ತಾನು ಕರಗಿ ದಾರಿ ಕಡಿಯುವ ತಂತಿ. ದೀಪಕ್ಕೆ ಇದು ಸಾಕು, ಮೋಟಾರಿಗೆ ಸಾಲದು. ಮೋಟಾರು ನಿಂತಲ್ಲಿಂದ ಏಳುವಾಗ ಕೆಲವು ಕ್ಷಣ ತನ್ನ ಪೂರ್ಣ ಹೊರೆಯ ಕರೆಂಟಿನ ಸುಮಾರು ಆರು ಪಟ್ಟು ಎಳೆಯುತ್ತದೆ. ಅದನ್ನು ತಾಳಿಕೊಳ್ಳುವಷ್ಟು ದಪ್ಪದ ಫ್ಯೂಸು, ಆಮೇಲೆ ಕಾಲು ಪಾಲು ಹೆಚ್ಚಿನ ಕರೆಂಟು ಗಂಟೆಗಟ್ಟಲೆ ಹರಿದು ಮೋಟಾರು ಬೇಯುತ್ತಿದ್ದರೂ ಸುಮ್ಮನಿರುತ್ತದೆ. ಬಾಗಿಲು ಮುರಿದರೆ ಮಾತ್ರ ಕೂಗುವ, ಹಿತ್ತಿಲಿನಿಂದ ದಿನಕ್ಕೊಂದು ಸೇರು ಅಕ್ಕಿ ಹೋದರೆ ಕಾಣದ ಕಾವಲುಗಾರ ಇವನು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮೂರು ಫ್ಯೂಸುಗಳಲ್ಲಿ ಒಂದೇ ಕರಗಿದರೆ ಮೋಟಾರು ನಿಲ್ಲುವುದಿಲ್ಲ. ಉಳಿದೆರಡು ತಂತಿಗಳಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಎಳೆದುಕೊಂಡು ಹೊರೆ ಹೊರುತ್ತಲೇ ಇರುತ್ತದೆ.

ಬೇಕಾಗಿದ್ದದ್ದು ಕಾವನ್ನು ನೆನಪಿಟ್ಟುಕೊಳ್ಳುವ ಒಂದು ವಸ್ತು. ಅದು ಗಡಿಯಾರದವರ ಬಳಿ ಇತ್ತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್, ಹಡಗಿನ ಗಡಿಯಾರ ಚಳಿಗೂ ಸೆಕೆಗೂ ದಾರಿ ತಪ್ಪದಿರಲೆಂದು ಹಿತ್ತಾಳೆ ಮತ್ತು ಉಕ್ಕನ್ನು ಜೋಡಿಸಿದ ಪಟ್ಟಿಯನ್ನು ಬಳಸಿದ್ದ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಮೆ, ಪಟ್ಟಿ ಬಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇಂಥದೇ ಪಟ್ಟಿ ಮೋಟಾರಿನ ಸ್ಟಾರ್ಟರಿನೊಳಗೆ ಸೇರಿತು. ಮೋಟಾರಿಗೆ ಹೋಗುವ ಕರೆಂಟೇ ಇದನ್ನೂ ಕಾಯಿಸುತ್ತದೆ. ಕ್ಷಣದ ಆರು ಪಟ್ಟನ್ನು ಕ್ಷಮಿಸುತ್ತದೆ, ಗಂಟೆಯ ಒಂದೂಕಾಲು ಪಟ್ಟನ್ನು ಕ್ಷಮಿಸುವುದಿಲ್ಲ. ಇದಕ್ಕೆ ಓವರ್‌ಲೋಡ್ ರಿಲೇ ಎಂದು ಹೆಸರು. ರಿಲೇ ಎಂಬುದು ಮೂಲದಲ್ಲಿ ಬೇಟೆಯ ಮತ್ತು ಅಂಚೆಯ ಮಾತು. ದಣಿದ ಪ್ರಾಣಿಯ ಬದಲಿಗೆ ದಾರಿಯಲ್ಲಿ ಕಾದಿರುವ ಹೊಸ ಪ್ರಾಣಿ. ಒಬ್ಬ ಓಟಗಾರನಿಂದ ಇನ್ನೊಬ್ಬನಿಗೆ ಚೀಲ ಹಸ್ತಾಂತರವಾಗುತ್ತಿದ್ದ ಮೈಸೂರು ಅಂಚೆಯನ್ನು ಬಲ್ಲ ನಮಗೆ ಇದು ಹೊಸದಲ್ಲ.

ಪಟ್ಟಿಗೂ ತಿಳಿಯದ ಸಂಗತಿ ಒಂದಿತ್ತು. ಮೂರು ಫೇಸುಗಳು ಸಮವಾಗಿಲ್ಲದಿದ್ದರೆ ಮೋಟಾರಿನೊಳಗೆ ನಡೆಯುವುದೇನು? ಇದನ್ನು ಬಿಡಿಸಿದವನು ಚಾರ್ಲ್ಸ್ ಫೋರ್ಟೆಸ್ಕ್ಯೂ. ಕೆನಡಾದ ಹಡ್ಸನ್ ಕೊಲ್ಲಿಯ ತೀರದಲ್ಲಿ, ತುಪ್ಪಳದ ವ್ಯಾಪಾರದ ಠಾಣ್ಯವೊಂದರಲ್ಲಿ ಹುಟ್ಟಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಸೇರಿದ್ದವನು. ೧೯೧೩ರಲ್ಲಿ ಇಂಥ ಮೋಟಾರುಗಳ ಲೆಕ್ಕಕ್ಕೆ ಕೈಹಾಕಿ, ೧೯೧೮ರಲ್ಲಿ ತನ್ನ ಪ್ರಬಂಧವನ್ನು ಮಂಡಿಸಿದ. ಯಾವ ಅಸಮ ತ್ರಯವನ್ನೂ ಮೂರು ಸಮ ತ್ರಯಗಳಾಗಿ ಒಡೆಯಬಹುದು: ಒಂದು ಮುಂದಕ್ಕೆ ತಿರುಗುವುದು, ಒಂದು ಹಿಂದಕ್ಕೆ, ಇನ್ನೊಂದು ತಿರುಗದೆ ನಿಲ್ಲುವುದು. ಛಂದಸ್ಸಿನಲ್ಲಿ ಗಣ ವಿಂಗಡಿಸುವ ನನಗೆ ಈ ವಿಭಜನೆ ಹಿತವೆನಿಸಿತು. ಹಿಂದಕ್ಕೆ ತಿರುಗುವ ಭಾಗವೇ ಕೇಡಿಗ. ಓಡುತ್ತಿರುವ ಚಕ್ರಕ್ಕೆ ಎದುರಾಗಿ ಎಳೆದು ಒಳಗೆ ವಿಪರೀತ ಕಾವು ಹುಟ್ಟಿಸುತ್ತದೆ.

೧೯೭೧ರಲ್ಲಿ ಮೈಕ್ರೊಪ್ರೊಸೆಸರು ಮಾರುಕಟ್ಟೆಗೆ ಬಂದ ಮೇಲೆ ಫೋರ್ಟೆಸ್ಕ್ಯೂವಿನ ಲೆಕ್ಕವನ್ನು ಪುಟ್ಟ ಪೆಟ್ಟಿಗೆಯೊಳಗೇ ಇಡಲು ದಾರಿಯಾಯಿತು. ಇಂದಿನ ಎಲೆಕ್ಟ್ರಾನಿಕ್ ರಿಲೇಯ ಉಂಗುರಗಳಲ್ಲಿ ಮೋಟಾರಿನ ತಂತಿಗಳು ಹಾದುಹೋಗುತ್ತವೆ. ಅದು ಕರೆಂಟನ್ನು ಅಳೆದು, ಕೂಡಿದ ಕಾವು, ಆರಿದ ಕಾವು ಎರಡನ್ನೂ ಲೆಕ್ಕವಿಡುತ್ತದೆ. ಕೊಳವೆಬಾವಿ ಬತ್ತಿದರೆ ಕರೆಂಟು ಏರುವುದಿಲ್ಲ, ಇಳಿಯುತ್ತದೆ. ಫ್ಯೂಸಿಗಾಗಲಿ ಪಟ್ಟಿಗಾಗಲಿ ಅದು ಗೊತ್ತಾಗದು, ಇದಕ್ಕೆ ಗೊತ್ತಾಗುತ್ತದೆ.

ಆದರೆ ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ನೋಡುವವರು ಯಾರು? ರಿಲೇಯ ಮೇಲೆ ‘ಟೆಸ್ಟ್’ ಎಂಬ ಗುಂಡಿಯಿರುತ್ತದೆ. ಒತ್ತಿದರೆ ಮೋಟಾರು ನಿಲ್ಲುತ್ತದೆ. ನಿಂತಿತಲ್ಲ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಬಹುಮಟ್ಟಿಗೆ ಆ ಗುಂಡಿ ಹೇಳುವುದು ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದಷ್ಟೇ, ಕಳ್ಳನ ಗುರುತು ಹತ್ತುತ್ತದೆ ಎಂದಲ್ಲ. ನಿಜವಾದ ಪರೀಕ್ಷೆಗೆ ಅಳತೆಯ ಕರೆಂಟು ಹರಿಸಿ ಗಡಿಯಾರ ಹಿಡಿದು ಕೂರಬೇಕು. ಅಂತರರಾಷ್ಟ್ರೀಯ ಮಾನದ ಪ್ರಕಾರ, ನಿಗದಿಮಾಡಿದ ಕರೆಂಟಿನ ೧.೦೫ ಪಟ್ಟಿಗೆ ಎರಡು ಗಂಟೆ ಕಳೆದರೂ ಅದು ಕಡಿಯಬಾರದು, ೧.೨ ಪಟ್ಟಿಗೆ ಏರಿಸಿದ ಮೇಲೆ ಎರಡು ಗಂಟೆಯೊಳಗೆ ಕಡಿಯಲೇಬೇಕು, ೭.೨ ಪಟ್ಟಿಗೆ, ಹತ್ತನೆಯ ದರ್ಜೆಯ ರಿಲೇ ತಣ್ಣಗಿರುವಾಗ ನಾಲ್ಕರಿಂದ ಹತ್ತು ಸೆಕೆಂಡಿನೊಳಗೆ.

ತಿಪಟೂರಿನ ಕಡೆ ನಮ್ಮ ಭಾವನವರಿಗೆ ತೆಂಗಿನ ತೋಟವಿದೆ. ಅಲ್ಲಿ ಇಷ್ಟೆಲ್ಲ ಸಲಕರಣೆ ಎಲ್ಲಿಂದ ಬರಬೇಕು? ಪೆಟ್ಟಿಗೆ ಕೂರಿಸಲು ಬಂದ ಹುಡುಗ ಮೈನ್ ಇಳಿಸಿ, ಒಂದು ತಂತಿಯನ್ನು ಮಾತ್ರ ಉಂಗುರದಿಂದ ಹೊರಗೆ ತೆಗೆದು ಮೋಟಾರು ಹಾಕಿದ. ಮೋಟಾರಿಗೆ ಮೂರು ಫೇಸೂ ಸಿಕ್ಕಿತ್ತು. ಪೆಟ್ಟಿಗೆಗೆ ಮಾತ್ರ ಒಂದು ಸತ್ತಂತೆ ಕಂಡಿತು. ಕೆಲವು ಸೆಕೆಂಡುಗಳಲ್ಲಿ ಕಡಿಯಿತು. “ಇದು ಪರೀಕ್ಷೆ ಮೇಷ್ಟ್ರೇ, ಗುಂಡಿ ಒತ್ತೋದಲ್ಲ” ಎಂದ. ವೋಲ್ಟೇಜು ಮಾತ್ರ ನೋಡುವ ಅಗ್ಗದ ಪೆಟ್ಟಿಗೆಗಳು, ಓಡುವ ಮೋಟಾರು ಸತ್ತ ಫೇಸಿನಲ್ಲಿ ತಾನೇ ಹುಟ್ಟಿಸುವ ವೋಲ್ಟೇಜಿಗೆ ಮೋಸಹೋಗುತ್ತವೆ ಎಂದು ಅವನೇ ವಿವರಿಸಿದ. ಹಲವು ತರಗತಿಗಳಿಗಿಂತ ಚೆನ್ನಾದ ಪಾಠ.

ಪಕ್ಕದ ತೋಟದವರೂ ಇದನ್ನು ನೋಡುತ್ತ ನಿಂತಿದ್ದರು. ಅವರ ಪಂಪುಮನೆಯಲ್ಲೂ ಇಂಥದೇ ಪೆಟ್ಟಿಗೆಯಿದೆ. ಅದರ ಎರಡು ತಂತಿಗಳನ್ನು ನೇರವಾಗಿ ಹೊಸೆದು ಸುತ್ತಿದ್ದಾರೆ, ಎರಡೇ ಫೇಸಿನಲ್ಲಿ ಓಡಿಸಲು ಕಂಡೆನ್ಸರನ್ನೂ ಹಾಕಿಸಿದ್ದಾರೆ. ಏಕೆಂದು ಕೇಳಿದೆ. “ಕರೆಂಟು ಕೊಡೋದೇ ರಾತ್ರಿ ನಾಲ್ಕು ಗಂಟೆ. ಒಂದು ಫೇಸಿಲ್ಲ ಅಂತ ಇದೂ ನಿಲ್ಲಿಸಿಬಿಟ್ಟರೆ ಮರಕ್ಕೆ ಏನು ಹೇಳಲಿ ಸ್ವಾಮಿ?” ಎಂದರು. ಅವರನ್ನು ಅಜ್ಞಾನಿಯೆನ್ನಲು ನನಗೆ ನಾಲಗೆ ಏಳಲಿಲ್ಲ. ಅವರ ಮೋಟಾರು ಆರುನೂರು ಅಡಿ ಕೆಳಗಿದೆ. ಕೈಯಿಟ್ಟು ಕಾವು ನೋಡುವಂತಿಲ್ಲ. ಆ ವರ್ಷ ಎರಡು ಸಲ ಮೇಲೆತ್ತಿಸಿ ವೈಂಡಿಂಗ್ ಮಾಡಿಸಿದ್ದರಂತೆ. ಹೊಸೆದ ತಂತಿಯನ್ನು ಬಿಚ್ಚಲೇ ಎಂದು ಹುಡುಗ ಕೇಳಿದಾಗ ಅವರು ತೆಂಗಿನ ಗರಿಗಳತ್ತ ಒಮ್ಮೆ ನೋಡಿ, ಮಳೆ ಬಂದ ಮೇಲೆ ನೋಡೋಣ ಎಂದರು.