ಗಡಿ ಊರುಗಳ ಕ್ರೀಡಾ ಶಾಖೆ: ನೋಂದಣಿ, ಲೆಕ್ಕ, ಪ್ರಮಾಣಪತ್ರ



ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಈ ನಾಲ್ಕೂ ಕಡೆಯ ಸದಸ್ಯರು ಕ್ರೀಡಾ ಶಾಖೆಯನ್ನು ಹೇಗೆ ನಡೆಸಬೇಕೆಂದು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಒಂದೆಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ. ಆಟ ಕಲಿಸುವ ವಿಷಯ ಇಲ್ಲಿಲ್ಲ. ಅದನ್ನು ಬಲ್ಲ ಹುಡುಗರು ನಮ್ಮಲ್ಲಿದ್ದಾರೆ. ನಮಗೆ ಸಾಲದೆ ಬಂದದ್ದು ಕಾಗದಪತ್ರದ ಶಿಸ್ತು.

ಮೊದಲು ನಮ್ಮದೇ ತಪ್ಪು. ಕೆಲವು ವರ್ಷಗಳ ಹಿಂದೆ ನಾವು ರಾಜ್ಯೋತ್ಸವದಲ್ಲಿ ನಡೆಸಿದ ಖೋ-ಖೋ ಪಂದ್ಯದಲ್ಲಿ ಗೆದ್ದ ತಂಡದ ಹುಡುಗಿಯೊಬ್ಬಳು ನೌಕರಿಯ ಅರ್ಜಿಗೆ ನಾವು ಕೊಟ್ಟ ಪ್ರಮಾಣಪತ್ರವನ್ನು ಲಗತ್ತಿಸಿದಳು. ದಪ್ಪ ಕಾಗದ, ಭುವನೇಶ್ವರಿಯ ಚಿತ್ರ, ಅಧ್ಯಕ್ಷರ ಸಹಿ, ಗುಂಡು ಶಿಕ್ಕಾ ಎಲ್ಲವೂ ಇತ್ತು. ಹದಿನೈದು ದಿನದ ಮೇಲೆ ಬಂದು "ಕಾಕಾ, ಈ ಕಾಗದ ನಡಿಯಂಗಿಲ್ಲಂತ್ರೀ" ಎಂದಳು. ಮಹಾರಾಷ್ಟ್ರದಲ್ಲಿ ಸರ್ಕಾರಿ ನೌಕರಿಗೆ ಆಟಗಾರರಿಗಾಗಿ ಶೇ. 5 ಮೀಸಲಾತಿ ಇದೆ. ಆದರೆ ಪ್ರಮಾಣಪತ್ರವನ್ನು ಕ್ರೀಡಾ ಇಲಾಖೆ ಪರಿಶೀಲಿಸುತ್ತದೆ: ಸ್ಪರ್ಧೆ ಯಾವ ಮಟ್ಟದ್ದು, ಮಾನ್ಯತೆಯುಳ್ಳ ಸಂಘಟನೆ ನಡೆಸಿದ್ದೇ ಅಲ್ಲವೇ ಎಂದು. ನಮ್ಮ ಪಂದ್ಯ ನಮ್ಮ ಸಂತೋಷಕ್ಕೆ ನಡೆದದ್ದು. ಆ ಮಾತನ್ನು ಆ ಹುಡುಗಿಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಮೂರು ವರ್ಷ ಅವಳು ನಮ್ಮಲ್ಲೇ ಆಡಿದಳು, ಜಿಲ್ಲೆಯ ಆಯ್ಕೆಗೆ ಒಮ್ಮೆಯೂ ಹೋಗಲಿಲ್ಲ, ಏಕೆಂದರೆ ಕಳಿಸುವ ಜವಾಬ್ದಾರಿ ನಮ್ಮಲ್ಲಿ ಯಾರದೂ ಆಗಿರಲಿಲ್ಲ.

ಇಲ್ಲಿ ನಮ್ಮ ಭೂಗೋಳದ ತೊಡಕೂ ಇದೆ. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಕ್ಕೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅಲ್ಲಿಗೆ ಹೋದವು. ಲೋಹಾರಾ, ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯಲ್ಲೇ ಉಳಿದವು. ಸಂಘಕ್ಕೆ ನಾಲ್ಕೂ ಊರು ಒಂದೇ ಮನೆ. ಆದರೆ ಕಬಡ್ಡಿ, ಖೋ-ಖೋ ಸಂಘಟನೆಗಳು ಜಿಲ್ಲೆಯ ಲೆಕ್ಕದಲ್ಲಿ ನಡೆಯುತ್ತವೆ. ಜಿಲ್ಲಾ ಸಂಘ ರಾಜ್ಯ ಸಂಘಕ್ಕೆ, ರಾಜ್ಯ ಸಂಘ ರಾಷ್ಟ್ರೀಯ ಫೆಡರೇಷನ್ನಿಗೆ ಜೋಡಣೆ. ಆದ್ದರಿಂದ "ಗಡಿ ಕನ್ನಡಿಗರ ತಂಡ" ಎಂದು ಒಂದೇ ತಂಡ ಕಟ್ಟಿ ಮೇಲಿನ ಸ್ಪರ್ಧೆಗೆ ಕಳಿಸಲಾಗದು. ಲೋಹಾರಾ, ಉಮರ್ಗಾದ ಮಕ್ಕಳು ಧಾರಾಶಿವದ ಆಯ್ಕೆಗೆ, ನಿಲಂಗಾ, ಉದಗೀರದವರು ಲಾತೂರದ ಆಯ್ಕೆಗೆ ಹೋಗಬೇಕು. ಶಾಲಾ ಸ್ಪರ್ಧೆಗಳಲ್ಲಿ 14, 17, 19 ವರ್ಷದೊಳಗಿನ ವಿಭಾಗಗಳಿರುವುದರಿಂದ ಪ್ರತಿ ಮಗುವಿನ ಜನ್ಮ ದಾಖಲೆಯ ನಕಲು, ಶಾಲೆಯ ಬೋನಾಫೈಡ್ ಶಾಖೆಯ ಕಡತದಲ್ಲಿರಲಿ. ಕೊನೆಯ ದಿನ ಓಡಾಡುವುದು ತಪ್ಪುತ್ತದೆ. ನಮ್ಮ ಪಂದ್ಯದ ಕಾಗದದ ಮೇಲೆ ಇನ್ನು ಮುಂದೆ "ಸಂಘದ ಅಂತರ-ಶಾಖಾ ಪಂದ್ಯ" ಎಂದು ಸ್ಪಷ್ಟವಾಗಿ ಅಚ್ಚಾಗುತ್ತದೆ.

ಮೇಲೆ ಹೋಗುವ ದಾರಿ ದೂರದ್ದೇನಲ್ಲ. ಭಾರತ ಖೋ-ಖೋ ತಂಡದ ಮಾಜಿ ನಾಯಕಿ, 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಸಾರಿಕಾ ಕಾಳೆ ನಮ್ಮದೇ ಧಾರಾಶಿವ ಜಿಲ್ಲೆಯವರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಗಂಡಸರೂ ಹೆಂಗಸರೂ ಗೆದ್ದರು. ಎರಡೂ ತಂಡಗಳ ನಾಯಕತ್ವ ಮಹಾರಾಷ್ಟ್ರದವರದು, ತಂಡದಲ್ಲಿ ಕರ್ನಾಟಕದವರೂ ಇದ್ದರು. ಗಡಿಯ ಎರಡೂ ಬದಿಯಲ್ಲಿ ಈ ಆಟ ಬಲ್ಲವರಿದ್ದಾರೆ ಎಂದಾಯಿತು.

ಇನ್ನು ಸಂಸ್ಥೆಯ ಕಾಗದ. 1860ರ ಸೊಸೈಟಿ ನೋಂದಣಿ ಕಾಯಿದೆಯಡಿ ಸಂಸ್ಥೆ ಕಟ್ಟಲು ಕನಿಷ್ಠ 7 ಜನ ಬೇಕು. ಮಹಾರಾಷ್ಟ್ರದಲ್ಲಿ ಅದರ ಜೊತೆಗೆ 1950ರ ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯಿದೆಯೂ ಅನ್ವಯಿಸುತ್ತದೆ. ಕಚೇರಿ ಧರ್ಮಾದಾಯ ಆಯುಕ್ತರದು. ಶಾಖೆಗಳು ಬೇರೆ ನೋಂದಣಿ ಮಾಡಿಸಬೇಕೇ ಎಂದು ಕೇಳಿದ್ದೀರಿ. ನಮ್ಮ ಅಭಿಪ್ರಾಯ: ಬೇಡ. ನಾಲ್ಕು ನೋಂದಣಿ ಎಂದರೆ ನಾಲ್ಕು ಆಡಿಟ್, ನಾಲ್ಕು ಕಡೆ ವಿಳಂಬ. ಮುಖ್ಯ ಸಂಘದ ಠರಾವಿನಿಂದ ಉಪಸಮಿತಿಯಾಗಿ ನಡೆದರೆ ಸಾಕು.

ನೋಂದಣಿಗಿಂತ ಹೆಚ್ಚು ಕಾಡುವುದು ಬದಲಾವಣೆಯ ವರದಿ, ಜನ ಚೇಂಜ್ ರಿಪೋರ್ಟ್ ಎನ್ನುವುದು. ಪದಾಧಿಕಾರಿಗಳು ಬದಲಾದರೆ, ತೀರಿಹೋದರೆ, ರಾಜೀನಾಮೆ ಕೊಟ್ಟರೆ 90 ದಿನದೊಳಗೆ 22ನೆಯ ಕಲಮಿನ ಪ್ರಕಾರ ವರದಿ ಸಲ್ಲಿಸಬೇಕು. ನಾವು ಚುನಾವಣೆ ಮಾಡುತ್ತಿದ್ದೆವು, ಹಾರ ಹಾಕುತ್ತಿದ್ದೆವು, ಫೋಟೋ ತೆಗೆಸುತ್ತಿದ್ದೆವು, ವರದಿ ಮಾತ್ರ ಸಲ್ಲಿಸುತ್ತಿರಲಿಲ್ಲ. ಖಜಾಂಚಿಯವರು ಹಠಾತ್ತನೆ ತೀರಿಕೊಂಡಾಗ ಅದರ ಬೆಲೆ ತಿಳಿಯಿತು. ಖಾತೆಯಲ್ಲಿ ಮಕ್ಕಳ ಮ್ಯಾಟಿಗೆಂದು ಕೂಡಿಸಿದ ಹಣವಿತ್ತು, ತೆಗೆಯಲು ಸಹಿ ಇರಲಿಲ್ಲ. ಬ್ಯಾಂಕಿನವರು ಪರಿಶಿಷ್ಟ 1ರ ಉತಾರಾ ಕೇಳಿದರು. ಅದರಲ್ಲಿದ್ದ ಹೆಸರುಗಳು ಹನ್ನೆರಡು ವರ್ಷ ಹಳೆಯವು. ಅವರಲ್ಲಿ ಮೂವರು ಬದುಕಿರಲಿಲ್ಲ. ಹಳೆಯ ಚುನಾವಣೆಗಳ ನೋಟಿಸು, ಹಾಜರಿ, ಠರಾವು ಹುಡುಕಿ, ವಿಳಂಬಕ್ಕೆ ಮಾಫಿ ಅರ್ಜಿ ಬರೆದು, ಒಂದೊಂದಾಗಿ ವರದಿ ಸಲ್ಲಿಸುವಷ್ಟರಲ್ಲಿ ಎರಡು ಹಂಗಾಮು ಹೋದವು. ಮಕ್ಕಳು ಕಲ್ಲುನೆಲದಲ್ಲೇ ಆಡಿದರು. ಬ್ಯಾಂಕಿನ ತಪ್ಪಿಲ್ಲ, ಯಾರ ಹಣವನ್ನೂ ಯಾರಿಗೋ ಕೊಡಲಾಗದು.

ಆದ್ದರಿಂದ ಈಗ ಮೂವರ ಪೈಕಿ ಯಾರಾದರೂ ಇಬ್ಬರ ಸಹಿ. ಮೂವರಲ್ಲಿ ಒಬ್ಬರು ನಲವತ್ತರೊಳಗಿನವರಾಗಿರಬೇಕು. ಕೇಂದ್ರದ 2011ರ ಕ್ರೀಡಾ ಸಂಹಿತೆ ರಾಷ್ಟ್ರೀಯ ಫೆಡರೇಷನ್‌ಗಳ ಪದಾಧಿಕಾರಿಗಳಿಗೆ 70 ವರ್ಷದ ಮಿತಿ, ಅವಧಿಯ ಮಿತಿ ಹಾಕಿತ್ತು. ಅದು ನಮ್ಮಂಥವರಿಗಲ್ಲ, ಆದರೂ ಅರವತ್ತು ದಾಟಿದ ನಮಗೆ ಓದಲು ಯೋಗ್ಯ. ಕುರ್ಚಿ ಬಿಡದ ಕಡೆ ಏನಾಗುತ್ತದೆಂಬುದನ್ನು ಕಬಡ್ಡಿಯಲ್ಲೇ ನೋಡಿದ್ದೇವೆ: 2018ರಲ್ಲಿ ದೆಹಲಿ ಹೈಕೋರ್ಟ್ ಅಮೆಚೂರ್ ಕಬಡ್ಡಿ ಫೆಡರೇಷನ್ನಿನ ಚುನಾವಣೆ ರದ್ದುಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. 2025ರ ಫೆಬ್ರವರಿಯಲ್ಲಿ ಇರಾನಿನ ಏಷ್ಯಾ ಸ್ಪರ್ಧೆಗೆ ನಮ್ಮ ಆಟಗಾರ್ತಿಯರು ಹೋಗಲು ಸುಪ್ರೀಂ ಕೋರ್ಟ್ ಮಧ್ಯೆ ಬರಬೇಕಾಯಿತು. ಎದುರಿನ ಉದಾಹರಣೆಯೂ ಇದೇ ರಾಜ್ಯದಲ್ಲಿದೆ. ಅಮರಾವತಿಯ ಹನುಮಾನ ವ್ಯಾಯಾಮ ಪ್ರಸಾರಕ ಮಂಡಳ 1914ರಲ್ಲಿ ತಾಲೀಮಿನಂತೆ ಶುರುವಾದದ್ದು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ದೇಶೀ ಆಟಗಳನ್ನು ಪ್ರದರ್ಶಿಸಿತು. ಕಟ್ಟಿದವರು ಹೋಗಿ ಎಷ್ಟೋ ಕಾಲವಾಯಿತು, ಸಂಸ್ಥೆ ಈಗಲೂ ನಡೆಯುತ್ತಿದೆ.

ನಮ್ಮಲ್ಲಿ ಮಾಡಬಹುದಾದದ್ದು ಇಷ್ಟು. ಪ್ರತಿ ಕೆಲಸಕ್ಕೂ ಇಬ್ಬರು: ಒಬ್ಬರು ಮಾಡುವವರು, ಒಬ್ಬರು ಕಲಿಯುವವರು. ತರಬೇತಿ, ಲೆಕ್ಕ, ಪತ್ರವ್ಯವಹಾರ, ಪ್ರವಾಸ ಈ ನಾಲ್ಕಕ್ಕೆ ಎಂಟು ಹೆಸರು ಪ್ರತಿ ಶಾಖೆಯಿಂದ ಬರಲಿ. ಎಂಟರಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು. ಮೈದಾನದಲ್ಲಿ ಹೆಂಗಸರೊಬ್ಬರು ನಿಂತಿಲ್ಲದಿದ್ದರೆ ಸಂಜೆಯ ಅಭ್ಯಾಸಕ್ಕೆ ತಾಯಂದಿರು ಮಗಳನ್ನು ಕಳಿಸುವುದಿಲ್ಲ.

ಮೈದಾನದ ಬಗ್ಗೆ ಒಂದು ಮಾತು. ಖೋ-ಖೋ ಅಂಗಳಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು, ಸುತ್ತ ಓಡಲು ಜಾಗ ಬೇರೆ. 1993ರ ಭೂಕಂಪದ ನಂತರ ಲೋಹಾರಾ, ಉಮರ್ಗಾ, ನಿಲಂಗಾ ಭಾಗದಲ್ಲಿ ಹೊಸದಾಗಿ ಕಟ್ಟಿದ ಊರುಗಳಲ್ಲಿ ಇಂಥ ಬಯಲು ಸಿಗುತ್ತದೆ. ಆದರೆ ಸರಪಂಚರು ಬಾಯಿಮಾತಿನಲ್ಲಿ ಹೂಂ ಎಂದರೆ ಸಾಲದು, ಅವರೂ ಬದಲಾಗುತ್ತಾರೆ. ಗ್ರಾಮ ಪಂಚಾಯತಿಯ ಠರಾವಿನ ನಕಲು ಪಡೆಯಿರಿ.

ಸಭಾ ನಡಾವಳಿಯನ್ನು ಕನ್ನಡದಲ್ಲೇ ಬರೆಯೋಣ, ಎದುರು ಪುಟದಲ್ಲಿ ಮರಾಠಿ. ಇದಕ್ಕೆ ಕೆಲವರ ವಿರೋಧವಿದೆ. ಆದರೆ ಕಚೇರಿ ಓದುವುದು ಮರಾಠಿ, ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡಿದರೂ ಕಲಿಯುವುದು ಮರಾಠಿ ಶಾಲೆಯಲ್ಲಿ. ನಾಳೆ ಈ ಪುಸ್ತಕ ಅವರ ಕೈಗೇ ಹೋಗುವುದು. ಎರಡು ಪುಟ ಎದುರುಬದುರು ಇದ್ದರೆ ಕನ್ನಡದ ಪುಟವನ್ನೂ ಕೂಡಿಸಿ ಓದಿಯಾರು.

ಲೆಕ್ಕ ಮಾರ್ಚ್ 31ಕ್ಕೆ ಮುಗಿಯಬೇಕು, ಆರು ತಿಂಗಳೊಳಗೆ ಆಡಿಟ್ ಆಗಬೇಕು. ನಾಲ್ಕೂ ಶಾಖೆಯವರು ಏಪ್ರಿಲ್ ಮೊದಲ ವಾರದಲ್ಲಿ ಕಿರ್ದಿ, ಪಾವತಿ ಪುಸ್ತಕ, ಎಂಟು ಹೆಸರುಗಳ ಪಟ್ಟಿಯೊಂದಿಗೆ ಲೋಹಾರಾಕ್ಕೆ ಬರಬೇಕು. ಉದಗೀರದವರು ಕಳೆದ ಸಲ ಮರೆತು ಬಂದ ಪಾವತಿ ಪುಸ್ತಕವನ್ನೂ ತರಬೇಕೆಂದು ವಿನಂತಿ.