ಗೆಜ್ಜೆ ಬಿಚ್ಚುವ ಕಾಲ: ಯಕ್ಷಗಾನ ಕಲಾವಿದರ ವೃತ್ತಿಜೀವನದಲ್ಲಿ ನಿವೃತ್ತಿಯ ಪರಿಕಲ್ಪನೆ

ಸರ್ಕಾರಿ ನೌಕರನ ನಿವೃತ್ತಿಯನ್ನು ಅವನ ಜನ್ಮದಿನಾಂಕವೇ ನಿರ್ಣಯಿಸುತ್ತದೆ. ಕರ್ನಾಟಕದಲ್ಲಿ ಈ ವಯೋಮಿತಿಯನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಲಾಯಿತು. ಆದರೆ ಪರಂಪರಾಗತ ರಂಗಕಲೆಯನ್ನೇ ನಂಬಿ ಬದುಕಿದ ಕಲಾವಿದನಿಗೆ ಇಂತಹ ಗೊತ್ತಾದ ದಿನವಿಲ್ಲ. ಅವನು ಯಾವಾಗ ವಿರಮಿಸಬೇಕು, ಯಾವ ರೂಪದಲ್ಲಿ ಮುಂದುವರಿಯಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಕರಾವಳಿಯ ಯಕ್ಷಗಾನ ವೃತ್ತಿಮೇಳಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೇಳದ ಬದುಕಿನಲ್ಲಿ ವಿರಾಮವೆಂಬುದು ವಯಸ್ಸಿಗಿಂತ ಋತುಮಾನಕ್ಕೆ ಸಂಬಂಧಿಸಿದ್ದು. ದೀಪಾವಳಿಯ ನಂತರ ಹೊರಡುವ ಮೇಳಗಳು ಮಳೆಗಾಲ ಸಮೀಪಿಸುವವರೆಗೆ ಊರೂರು ಸಂಚರಿಸುತ್ತವೆ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ ಕೊನೆಯ ವಾರದ ಸುಮಾರಿಗೆ, ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಹೀಗೆ ಬಿಚ್ಚಿದ ಗೆಜ್ಜೆಯನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಕಟ್ಟಬೇಕೆಂಬುದು ನಿಶ್ಚಿತ. ಕಲಾವಿದನ ಅನುಭವವನ್ನು ಅಳೆಯುವ ಮಾನವೂ ‘ತಿರುಗಾಟ’ವೇ. ಅವನಿಗೆ ಎಷ್ಟು ವಯಸ್ಸಾಯಿತು ಎನ್ನುವುದಕ್ಕಿಂತ ಎಷ್ಟು ತಿರುಗಾಟ ಮಾಡಿದ ಎಂಬುದು ಚೌಕಿಯಲ್ಲಿ ಮುಖ್ಯವಾಗುತ್ತದೆ.

ವಯಸ್ಸಿನ ಮಿತಿ ಇಲ್ಲದಿದ್ದರೂ ವಯಸ್ಸಿನ ಅರಿವು ಈ ವ್ಯವಸ್ಥೆಗೆ ಇರಲಿಲ್ಲವೆಂದು ಹೇಳುವಂತಿಲ್ಲ. ಕೋಡಂಗಿ, ಬಾಲಗೋಪಾಲ ವೇಷಗಳಿಂದ ಕಲಿಕೆ ಆರಂಭಿಸಿದ ಬಾಲಕನು ಸ್ತ್ರೀವೇಷ, ಪುಂಡುವೇಷಗಳನ್ನು ದಾಟಿ ಮೇಲಿನ ವೇಷಗಳಿಗೆ ಏರುತ್ತಾನೆ. ದಿಗಿಣ ಹಾಕುವ ಕಾಲು ಸೋತಾಗ ಕುಣಿತ ಕಡಿಮೆಯಿದ್ದು ಮಾತಿಗೆ ಪ್ರಾಧಾನ್ಯವಿರುವ ಪಾತ್ರಗಳು ಅವನಿಗೆ ಒದಗುತ್ತವೆ. ಅದೂ ಕಷ್ಟವಾದಾಗ ತಾಳಮದ್ದಳೆಯಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಕುಳಿತು ಅರ್ಥ ಹೇಳಬೇಕು. ವೇಷಧಾರಿಯಾಗಿಯೂ ಅರ್ಥಧಾರಿಯಾಗಿಯೂ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಜೀವನದಲ್ಲಿ ಈ ಎರಡೂ ನೆಲೆಗಳನ್ನು ಕಾಣಬಹುದು. ಬೋಧನೆ ಮತ್ತೊಂದು ದಾರಿ. ನೂರು ವರ್ಷ ಬಾಳಿದ ಮದ್ದಳೆಗಾರ ಹಿರಿಯಡ್ಕ ಗೋಪಾಲ ರಾಯರು (1919-2020) ಗುರುಗಳಾಗಿಯೂ ಮಾನ್ಯರಾದರು. ಪಾತ್ರದಿಂದ ನಿವೃತ್ತಿ ಬೇರೆ, ಕಲೆಯಿಂದ ನಿವೃತ್ತಿ ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ಇದಕ್ಕೆ ಭಿನ್ನವಾದ ನಿದರ್ಶನಗಳೂ ಇವೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933-2017) ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರುವರಿಯಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ನಿಧನರಾದರು. ಇಂತಹ ಮಹನೀಯರ ಬದುಕನ್ನು ಸ್ಮರಿಸುವಾಗ ‘ಕಲಾವಿದನಿಗೆ ನಿವೃತ್ತಿಯಿಲ್ಲ’ ಎಂಬ ಮಾತು ಸಹಜವಾಗಿ ಬರುತ್ತದೆ. ಆದರೆ ಇದನ್ನು ಸಾರ್ವತ್ರಿಕ ಸತ್ಯವೆಂದು ಸ್ವೀಕರಿಸುವ ಮೊದಲು ಮೇಳದ ಆರ್ಥಿಕ ರಚನೆಯನ್ನು ಗಮನಿಸುವುದು ಅವಶ್ಯ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಟಿಕೇಟು ಪಡೆದು ನೋಡುವ ಡೇರೆ ಮೇಳಗಳು ಬೆಳೆದಂತೆ ಪ್ರೇಕ್ಷಕರನ್ನು ಸೆಳೆಯುವ ‘ತಾರಾ’ ಕಲಾವಿದರಿಗೂ ಉಳಿದವರಿಗೂ ನಡುವಣ ಅಂತರ ಹೆಚ್ಚಿತು. ಹೆಸರಾಂತ ಕಲಾವಿದನಿಗೆ ಮುಪ್ಪಿನಲ್ಲಿಯೂ ಆಹ್ವಾನ, ಸನ್ಮಾನಗಳು ಬರುತ್ತವೆ. ಯಾವ ರಾತ್ರಿ ಕುಣಿಯಬೇಕು, ಯಾವ ರಾತ್ರಿ ಬೇಡ ಎಂದು ಅವನು ಆಯ್ದುಕೊಳ್ಳಬಲ್ಲ. ಸಣ್ಣ ವೇಷದವನಿಗೆ ಈ ಆಯ್ಕೆಯಿಲ್ಲ. ತಾಳಮದ್ದಳೆಯ ಕೂಟಕ್ಕೆ ಕರೆಸಿಕೊಳ್ಳುವಷ್ಟು ವಾಕ್ಚಾತುರ್ಯ ಎಲ್ಲರಿಗೂ ಸಿದ್ಧಿಸುವುದಿಲ್ಲ. ಪೆಟ್ಟಿಗೆ ಹೊರುವವರು, ವೇಷಭೂಷಣ ಸಿದ್ಧಪಡಿಸುವವರು ಮುಂತಾದ ನೇಪಥ್ಯದ ದುಡಿಮೆಗಾರರಿಗಂತೂ ದೇಹಶಕ್ತಿಯೇ ಬಂಡವಾಳ. ವರ್ಷವರ್ಷದ ಒಪ್ಪಂದ, ಮುಂಗಡ ಹಣದ ಋಣ, ಮಳೆಗಾಲದ ಬಿಡುವಿನಲ್ಲಿ ಬೇರೆ ದುಡಿಮೆ ಹುಡುಕುವ ಅನಿವಾರ್ಯತೆ ಇವುಗಳ ನಡುವೆ ಅಂಥವರು ಕೊನೆಯವರೆಗೂ ದುಡಿದರೆ ಅದನ್ನು ಕಲಾನಿಷ್ಠೆಯೆಂದು ಮಾತ್ರ ವರ್ಣಿಸುವುದು ಅನ್ಯಾಯವಾದೀತು.

ಪ್ರಭುತ್ವವೂ ಈ ಕ್ಷೇತ್ರಕ್ಕೆ ವಯಸ್ಸಿನ ಗೆರೆಯೊಂದನ್ನು ತಂದಿದೆ. ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೀಡುವ ಮಾಸಾಶನಕ್ಕೆ ಸಾಮಾನ್ಯವಾಗಿ 58 ವರ್ಷ ತುಂಬಿರಬೇಕೆಂಬ ನಿಯಮವಿದೆ. ಅದುವರೆಗೆ ತಿರುಗಾಟದ ಲೆಕ್ಕದಲ್ಲಿ ಬದುಕಿದವನು ಮೊದಲ ಬಾರಿಗೆ ತನ್ನ ವಯಸ್ಸಿಗೆ ದಾಖಲೆ ಒದಗಿಸಬೇಕಾಗುತ್ತದೆ. ಇನ್ನೊಂದೆಡೆ, ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಒಪ್ಪಿಕೊಂಡ ಕಾಲಮಿತಿ ಪ್ರದರ್ಶನವು ರಾತ್ರಿಯಿಡೀ ನಿದ್ದೆಗೆಡುವ ಶ್ರಮವನ್ನು ತಗ್ಗಿಸಿದೆ. ಕಾಲಮಿತಿಯಿಂದ ಪರಂಪರೆಗೆ ಆಗುವ ನಷ್ಟವನ್ನು ಕುರಿತ ಚರ್ಚೆಯಲ್ಲಿ ಹಿರಿಯ ಕಲಾವಿದನ ದೇಹದ ಪ್ರಶ್ನೆಗೂ ಸ್ಥಾನವಿರಬೇಕು.

ಒಟ್ಟಿನಲ್ಲಿ, ಮುಪ್ಪಿನಲ್ಲಿಯೂ ದುಡಿಯುವುದು ಹಿರಿಮೆಯೋ ಅನಿವಾರ್ಯತೆಯೋ ಎಂಬುದು ನಿಲ್ಲಿಸುವ ಸ್ವಾತಂತ್ರ್ಯ ಕಲಾವಿದನಿಗಿತ್ತೇ ಎಂಬುದನ್ನು ಅವಲಂಬಿಸಿದೆ. ವೇಷದಿಂದ ಅರ್ಥಕ್ಕೆ, ಅರ್ಥದಿಂದ ಬೋಧನೆಗೆ ಸಾಗುವ ದಾರಿಗಳನ್ನು ಪರಂಪರೆ ರೂಪಿಸಿತ್ತು. ಆದರೆ ಆ ದಾರಿಗಳಲ್ಲಿ ನಡೆಯುವ ಭಾಗ್ಯ ಎಲ್ಲರದಾಗಿರಲಿಲ್ಲ. ಯಕ್ಷಗಾನದ ಚರಿತ್ರೆಯು ರಂಗದಲ್ಲೇ ಕೊನೆಯುಸಿರೆಳೆದವರನ್ನು ಗೌರವದಿಂದ ದಾಖಲಿಸಿದೆ. ಯಾರ ಗಮನಕ್ಕೂ ಬಾರದೆ ಒಂದು ಪತ್ತನಾಜೆಯಂದು ಗೆಜ್ಜೆ ಬಿಚ್ಚಿ, ಮುಂದಿನ ತಿರುಗಾಟಕ್ಕೆ ಮರಳದ ಕಲಾವಿದರ ವೃತ್ತಾಂತಗಳನ್ನು ಅವರ ಬಾಯಿಂದಲೇ ಸಂಗ್ರಹಿಸುವ ಕೆಲಸ ಜಾನಪದ ಅಧ್ಯಯನದ ಮುಂದಿದೆ. ಹೇಳಬಲ್ಲವರು ಇರುವಾಗಲೇ ಅದು ಆಗಬೇಕು.